ಬುತ್ತಿ ಕಟ್ಟಿಕೊಂಡು ಹೋಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ



ಎಳ್ಳಮಾವಾಸ್ಯೆಯ ದಿನ ನಮ್ಮ ಭಾಗದಲ್ಲಿ ಬುತ್ತಿ ಕಟ್ಟದ ರೈತರ ಮನೆ ಸಿಗುವುದು ಅಪರೂಪ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಎಲ್ಲವನ್ನೂ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುತ್ತೇವೆ. ಆದರೆ ವರ್ಷದ ಉಳಿದ ದಿನಗಳಲ್ಲಿ ಕೆಲಸಕ್ಕೆ ಹೋಗುವಾಗ ನಿಮ್ಮ ಕೈಯಲ್ಲಿ ಬುತ್ತಿ ಇರುತ್ತದೆಯೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬರುವ ರೋಗಿಗಳಿಗೆ ನಾನು ಈ ಪ್ರಶ್ನೆ ಕೇಳುತ್ತಿರುತ್ತೇನೆ. "ಎಲ್ಲಿ ಬುತ್ತಿ ಸಿಸ್ಟರ್, ಮುಂಜಾನೆ ಹೊತ್ತೇ ಇರಂಗಿಲ್ಲ" ಎಂಬುದು ಸಾಮಾನ್ಯ ಉತ್ತರ. ಮಧ್ಯಾಹ್ನ ಏನು ತಿನ್ನುತ್ತೀರಿ ಎಂದರೆ, ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿ, ಒಂದಿಷ್ಟು ಚುರುಮುರಿ, ಎರಡು ಕಪ್ ಚಹಾ. ಕೆಲವರಿಗೆ ಚಹಾ ಒಂದೇ. ಒಂದು ದಿನ ಹೀಗಾದರೆ ತೊಂದರೆ ಇಲ್ಲ. ದಿನವೂ ಹೀಗೇ ಆದರೆ ದೇಹ ಅದರ ಲೆಕ್ಕ ಕೇಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತಹೀನತೆ ಇದ್ದವರಿಗೆ ಈ ಲೆಕ್ಕ ಬೇಗ ಬರುತ್ತದೆ.

ಮಾತ್ರೆ ಮುಂಜಾನೆ, ಊಟ ಸಂಜೆ ಆದರೆ?

ಸಕ್ಕರೆ ಕಾಯಿಲೆ ಇದ್ದ ಒಬ್ಬರು ಮುಂಜಾನೆ 8 ಗಂಟೆಗೆ ಮಾತ್ರೆ ನುಂಗಿ, ಎರಡು ಬಿಸ್ಕತ್ತು ತಿಂದು ಕೆಲಸಕ್ಕೆ ಹೋದರು. ಅಂದು ಕೆಲಸ ಹೆಚ್ಚು. ಮಧ್ಯಾಹ್ನ ಉಣ್ಣಲು ಆಗಲಿಲ್ಲ. 3 ಗಂಟೆಯ ಹೊತ್ತಿಗೆ ಮೈ ಬೆವತು, ಕೈ ನಡುಗಿ, ಮಾತು ತೊದಲಿತು. ಜೊತೆಗಿದ್ದವರು ಇದು ಲಕ್ವ ಇರಬಹುದೆಂದು ಹೆದರಿ ಆಸ್ಪತ್ರೆಗೆ ತಂದರು. ಪರೀಕ್ಷಿಸಿದಾಗ ರಕ್ತದಲ್ಲಿ ಸಕ್ಕರೆ ಬಹಳ ಇಳಿದಿತ್ತು. ಸಕಾಲಕ್ಕೆ ಬಂದಿದ್ದರಿಂದ ಉಳಿದರು. ಎಚ್ಚರವಾದ ಮೇಲೆ ಅವರು ಹೇಳಿದ ಮೊದಲ ಮಾತು: "ಊಟ ಬಿಟ್ಟರೆ ಸಕ್ಕರೆ ಕಡಿಮೆ ಆಗಿ ಒಳ್ಳೇದೇ ಆಗತೈತಿ ಅಂತ ತಿಳಿದಿದ್ದೆ."

ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳು ಮತ್ತು ಇನ್ಸುಲಿನ್, ನೀವು ಉಂಡರೂ ಉಣ್ಣದಿದ್ದರೂ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಹೊಟ್ಟೆಯಲ್ಲಿ ಅನ್ನ ಇಲ್ಲದಿದ್ದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಹುದು. ಬಿಸಿಲಿನಲ್ಲಿ ದುಡಿಯುವವರಿಗೆ, ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಈ ಅಪಾಯ ಹೆಚ್ಚು. ಆದ್ದರಿಂದ ಇಂಥವರ ಪಾಲಿಗೆ ಮಧ್ಯಾಹ್ನದ ಊಟವೂ ಚಿಕಿತ್ಸೆಯ ಒಂದು ಭಾಗ.

ಸಕ್ಕರೆ ಇಳಿದ ಲಕ್ಷಣ ಕಂಡ ಕೂಡಲೇ 3 ಸಣ್ಣ ಚಮಚ ಸಕ್ಕರೆ ಅಥವಾ ಬೆಲ್ಲವನ್ನು ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಕಾಯಿರಿ. ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಚೇತರಿಸಿಕೊಂಡ ಮೇಲೆ ತಪ್ಪದೆ ಊಟ ಮಾಡಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರಾಗಲಿ, ಸಕ್ಕರೆಯಾಗಲಿ ಹಾಕಬೇಡಿರಿ, ಅದು ಶ್ವಾಸನಾಳಕ್ಕೆ ಹೋಗಬಹುದು. ಕೂಡಲೇ 108ಕ್ಕೆ ಕರೆ ಮಾಡಿರಿ.

ನಮ್ಮ ಬುತ್ತಿಯಲ್ಲಿ ಏನಿದೆ?

"ಆರೋಗ್ಯದ ಊಟ ಅಂದರೆ ದುಡ್ಡು ಬೇಕು" ಎಂದು ಕೆಲವರು ಹೇಳುತ್ತಾರೆ. ನಮ್ಮ ಹಿರಿಯರ ಬುತ್ತಿಯನ್ನೊಮ್ಮೆ ಬಿಚ್ಚಿ ನೋಡೋಣ. ಜೋಳದ ರೊಟ್ಟಿ, ಕಾಳಿನ ಪಲ್ಯ ಅಥವಾ ಝುಣಕ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಇಂದಿನ ಆಹಾರ ತಜ್ಞರು ಹೇಳುವುದೆಲ್ಲ ಬಹುತೇಕ ಇದರಲ್ಲಿಯೇ ಇದೆ. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆ ಸಾಲಿನಲ್ಲಿ ನಮ್ಮ ಜೋಳ, ಸಜ್ಜೆಗಳೂ ಇವೆ.

100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರಿನಂಶ ಇದೆ. ನಾರಿನಂಶ ಇರುವುದರಿಂದ ಹೊಟ್ಟೆ ಬೇಗ ಹಸಿಯುವುದಿಲ್ಲ. ಆದರೆ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹೆಸರು, ಮಡಿಕೆ, ಕಡಲೆ, ತೊಗರಿಯಲ್ಲಿ ಅದು ಸಾಕಷ್ಟಿದೆ. ರೊಟ್ಟಿಯ ಜೊತೆ ಕಾಳು ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಒಂದು ಬುತ್ತಿಯಲ್ಲಿ ಈ ನಾಲ್ಕು ಇರಲಿ:

1. ರೊಟ್ಟಿ ಅಥವಾ ಚಪಾತಿ. ಕುಳಿತು ಕೆಲಸ ಮಾಡುವವರಿಗೆ ಸಾಮಾನ್ಯವಾಗಿ 2 ಸಾಕು. ಹೊಲದಲ್ಲಿ ದುಡಿಯುವವರಿಗೆ ಹೆಚ್ಚು ಬೇಕು.
2. ಕಾಳು, ಬೇಳೆ ಅಥವಾ ಝುಣಕ. ಒಂದು ಬಟ್ಟಲು.
3. ತಪ್ಪಲ ಪಲ್ಯ ಅಥವಾ ಕಾಯಿಪಲ್ಯ, ಜೊತೆಗೆ ಹಸಿ ಸವತೆಕಾಯಿ, ಮೂಲಂಗಿ, ಗಜ್ಜರಿ ಅಥವಾ ಉಳ್ಳಾಗಡ್ಡಿ. ರೊಟ್ಟಿಗಿಂತ ಇದೇ ಹೆಚ್ಚಿರಲಿ.
4. ಮೊಸರು ಅಥವಾ ಮಜ್ಜಿಗೆ, ಒಂದು ಹೋಳು ಲಿಂಬೆ.

ಮುಂಜಾನೆ ಹೊತ್ತು ಇಲ್ಲದವರಿಗೆ

ಬುತ್ತಿಯ ಅರ್ಧ ಕೆಲಸವನ್ನು ಹಿಂದಿನ ದಿನವೇ ಮುಗಿಸಬಹುದು.

ಕಡಕ್ ರೊಟ್ಟಿ: ವಾರಕ್ಕೊಮ್ಮೆ ಮಾಡಿ, ಚೆನ್ನಾಗಿ ಒಣಗಿಸಿ, ತೇವ ತಾಗದ ಡಬ್ಬಿಯಲ್ಲಿಡಿರಿ. ಮಾಡಲಾಗದಿದ್ದರೆ ಊರಲ್ಲಿ ರೊಟ್ಟಿ ಬಡಿದು ಮಾರುವ ತಾಯಂದಿರಿಂದ ಕೊಳ್ಳಿರಿ. ಅವರಿಗೂ ದುಡಿಮೆ, ನಿಮಗೂ ಊಟ.

ಮೊಳಕೆ ಕಾಳು: ರಾತ್ರಿ ನೆನೆಯಿಡಿರಿ. ಮುಂಜಾನೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿರಿ. ಮರುದಿನ ಮುಂಜಾನೆಗೆ ಮೊಳಕೆ ಬಂದಿರುತ್ತದೆ. ಒಗ್ಗರಣೆ ಕೊಟ್ಟು, ಸ್ವಲ್ಪ ನೀರು ಹಾಕಿ ಮುಚ್ಚಿ ಬೇಯಿಸಿದರೆ ಉಸುಳಿ ಸಿದ್ಧ.

ಝುಣಕ: ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ ಹಾಕಿ, ಹೆಚ್ಚಿದ ಉಳ್ಳಾಗಡ್ಡಿ ಮತ್ತು ಮೆಂತ್ಯೆ ತಪ್ಪಲನ್ನು ಬಾಡಿಸಿರಿ. ಅರಿಶಿನ, ಖಾರ, ಉಪ್ಪು, ಒಂದು ಬಟ್ಟಲು ನೀರು ಹಾಕಿರಿ. ಕುದಿ ಬಂದಾಗ ಕಡಲೆ ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತ ತಿರುವಿರಿ. 5 ನಿಮಿಷ ಸಣ್ಣ ಉರಿಯಲ್ಲಿ ಮುಚ್ಚಿಡಿರಿ. ಗಟ್ಟಿಯಾಗಿದ್ದರೆ ಬುತ್ತಿಯಲ್ಲಿ ಸೋರುವುದಿಲ್ಲ.

ಆರು ದಿನದ ಬುತ್ತಿ

ಸೋಮವಾರ: ಜೋಳದ ರೊಟ್ಟಿ, ಮಡಿಕೆಕಾಳಿನ ಉಸುಳಿ, ಸವತೆಕಾಯಿ.
ಮಂಗಳವಾರ: ಕಡಕ್ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ, ಮೊಸರು.
ಬುಧವಾರ: ಚಪಾತಿ, ಹೆಸರುಬೇಳೆ ಹಾಕಿದ ಮೆಂತ್ಯೆ ಪಲ್ಯ, ಗಜ್ಜರಿ.
ಗುರುವಾರ: ಸಜ್ಜೆ ರೊಟ್ಟಿ, ಎಣ್ಣೆ ಕಡಿಮೆ ಹಾಕಿದ ಬದನೆಕಾಯಿ ಎಣ್ಣೆಗಾಯಿ, ಮೊಸರು.
ಶುಕ್ರವಾರ: ಜೋಳದ ಹಿಟ್ಟು, ಕಡಲೆ ಹಿಟ್ಟು, ಉಳ್ಳಾಗಡ್ಡಿ, ಕೊತ್ತಂಬರಿ ಕಲಸಿ ಮಾಡಿದ ತಾಲಿಪಟ್ಟಿ, ಮೊಸರು, ಮೂಲಂಗಿ.
ಶನಿವಾರ: ಕಾಯಿಪಲ್ಯ ಮತ್ತು ಮೊಳಕೆ ಹೆಸರುಕಾಳು ಹಾಕಿದ ಗೋಧಿ ನುಚ್ಚಿನ ಉಪ್ಪಿಟ್ಟು, ಲಿಂಬೆ.

ಇದು ಕಟ್ಟುನಿಟ್ಟಿನ ಪಟ್ಟಿಯಲ್ಲ. ಆ ದಿನದ ಸಂತೆಯಲ್ಲಿ ಅಗ್ಗವಾಗಿ ಸಿಗುವ ತಪ್ಪಲು, ಕಾಯಿಪಲ್ಯವನ್ನೇ ಬಳಸಿರಿ.

ಯಾವ ಕಾಯಿಲೆಗೆ ಯಾವ ಎಚ್ಚರ?

ಸಕ್ಕರೆ ಕಾಯಿಲೆ: ಜೋಳದ ರೊಟ್ಟಿ ಒಳ್ಳೆಯದೆಂದು ಐದಾರು ತಿಂದರೆ ಸಕ್ಕರೆ ಏರುತ್ತದೆ. ಜೋಳದಲ್ಲಿಯೂ ಪಿಷ್ಟ ಇದೆ. ಒಂದು ರೊಟ್ಟಿ ಕಡಿಮೆ ಮಾಡಿ ಪಲ್ಯ, ಕಾಳು ಹೆಚ್ಚಿಸಿರಿ. ಚುರುಮುರಿ ಹಗುರವೆಂದು ಕಂಡರೂ ಅದು ಅಕ್ಕಿಯೇ, ಸಕ್ಕರೆಯನ್ನು ಬೇಗ ಏರಿಸುತ್ತದೆ.

ರಕ್ತದೊತ್ತಡ: ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬುತ್ತಿಯಲ್ಲಿ ಉಪ್ಪು ಅಡಗಿರುವುದು ಉಪ್ಪಿನಕಾಯಿ, ಹಪ್ಪಳ ಮತ್ತು ಹಿಂಡಿಯಲ್ಲಿ. ಉಪ್ಪಿನಕಾಯಿ, ಹಪ್ಪಳ ಬಿಡಿರಿ. ಶೇಂಗಾ, ಅಗಸೆ, ಗುರೆಳ್ಳು ಹಿಂಡಿಯನ್ನು ಉಪ್ಪು ಕಡಿಮೆ ಮಾಡಿ ಕುಟ್ಟಿರಿ. ರುಚಿಗೆ ಲಿಂಬೆ ಹಿಂಡಿಕೊಳ್ಳಿರಿ.

ರಕ್ತಹೀನತೆ: ಸಜ್ಜೆಯಲ್ಲಿ ಜೋಳಕ್ಕಿಂತ ಕಬ್ಬಿಣಾಂಶ ಹೆಚ್ಚು. 100 ಗ್ರಾಂಗೆ ಸುಮಾರು 6 ಮಿಲಿಗ್ರಾಂ. ಆದರೆ ಧಾನ್ಯ, ಕಾಳು, ತಪ್ಪಲಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕೆ 'ಸಿ' ಜೀವಸತ್ವದ ನೆರವು ಬೇಕು. ಇಂಡಿ ತಾಲ್ಲೂಕು ಲಿಂಬೆಗೆ ಹೆಸರಾದದ್ದು ನಿಮಗೆ ಗೊತ್ತೇ ಇದೆ. ನಮ್ಮ ಲಿಂಬೆಯನ್ನು ದೂರದೂರಿಗೆ ಕಳಿಸುತ್ತೇವೆ, ನಮ್ಮ ಬುತ್ತಿಗೆ ಹಾಕಿಕೊಳ್ಳಲು ಮರೆಯುತ್ತೇವೆ! ಒಲೆಯ ಮೇಲೆ ಕುದಿಸಿದರೆ ಆ ಜೀವಸತ್ವ ನಾಶವಾಗುತ್ತದೆ. ಆದ್ದರಿಂದ ಉಣ್ಣುವಾಗ ಹಿಂಡಿಕೊಳ್ಳಿರಿ. ಊಟದ ಜೊತೆಗೆ ಚಹಾ ಬೇಡ. ಅದು ಕಬ್ಬಿಣಾಂಶವನ್ನು ತಡೆಯುತ್ತದೆ. ಒಂದು ತಾಸಾದರೂ ಬಿಟ್ಟು ಕುಡಿಯಿರಿ. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಊಟ ಚೆನ್ನಾಗಿದೆಯೆಂದು ಅದನ್ನು ಬಿಡಬೇಡಿರಿ.

ಕಿಡ್ನಿ ಕಾಯಿಲೆ ಇದ್ದವರು ಕಾಳು, ತಪ್ಪಲು, ಹಣ್ಣುಗಳ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಬುತ್ತಿ ಹಳಸದಂತೆ

ನಮ್ಮ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ರೊಟ್ಟಿ, ಗಟ್ಟಿ ಪಲ್ಯ, ಹಿಂಡಿ ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಅನ್ನ, ಹಸಿ ಕೊಬ್ಬರಿ ಚಟ್ನಿ ಬೇಗ ಕೆಡುತ್ತವೆ. ರಾತ್ರಿಯೆಲ್ಲ ಹೊರಗಿಟ್ಟ ಅನ್ನವನ್ನು ಬುತ್ತಿಗೆ ಹಾಕಬೇಡಿರಿ. ಅದರಲ್ಲಿ ಬೆಳೆಯುವ ರೋಗಾಣುಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪಲ್ಯದ ಬಿಸಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿರಿ. ಮೊಸರಿಗೆ ಬೇರೆ ಡಬ್ಬಿ ಇರಲಿ. ರೊಟ್ಟಿಯನ್ನು ಸ್ವಚ್ಛ ಬಟ್ಟೆಯಲ್ಲಿ ಕಟ್ಟಿರಿ, ಸುದ್ದಿಪತ್ರಿಕೆಯಲ್ಲಿ ಬೇಡ. ಅದರ ಮಸಿ ಆಹಾರಕ್ಕೆ ಅಂಟುತ್ತದೆ. ಡಬ್ಬಿಯನ್ನು ನೆರಳಿನಲ್ಲಿಡಿರಿ. ಉಣ್ಣುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಔಷಧಿ ಹೊಡೆದ ಕೈಯಿಂದ ಬುತ್ತಿ ಮುಟ್ಟಲೇಬೇಡಿರಿ.

ತಾಯಂದಿರಿಗೆ ಒಂದು ಮಾತು

ಮನೆಯವರಿಗೆ ಡಬ್ಬಿ ಕಟ್ಟುತ್ತೀರಿ. ಶಾಲೆಗೆ ಹೋದ ಮಗುವಿಗೆ ಅಲ್ಲಿ ಬಿಸಿಯೂಟ ಸಿಗುತ್ತದೆ. ನಿಮ್ಮ ಡಬ್ಬಿ ಎಲ್ಲಿದೆ? ಎಲ್ಲರಿಗೂ ಕಟ್ಟಿ, ಉಳಿದರೆ ಉಂಡರಾಯಿತು ಎಂದು ಬರಿಗೈಯಲ್ಲಿ ಕೂಲಿಗೆ, ಅಂಗನವಾಡಿಗೆ, ಕಚೇರಿಗೆ ಹೊರಡುವ ಹೆಣ್ಣುಮಕ್ಕಳು ಬಹಳ.

ನಾನೂ ಹಾಗೆ ಮಾಡಿದವಳೇ. ಕೆಲವು ವರ್ಷಗಳ ಹಿಂದೆ ರೋಗಿಗಳಿಗೆ ಆಹಾರದ ಪಾಠ ಹೇಳಿ, ನಾನು ಮಾತ್ರ ಚಹಾ ಬಿಸ್ಕತ್ತಿನಲ್ಲಿ ಮಧ್ಯಾಹ್ನ ಕಳೆಯುತ್ತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9 ಗ್ರಾಂ ಇತ್ತು. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ 12 ಇರಬೇಕು. ವೈದ್ಯರು ಮಾತ್ರೆ ಬರೆದುಕೊಟ್ಟರು. ನಮ್ಮ ಅತ್ತೆಯವರು ಮರುದಿನವೇ ಇನ್ನೊಂದು ಡಬ್ಬಿ ತೆಗೆದಿಟ್ಟು, "ಮೊದಲು ನಿನ್ನ ಬುತ್ತಿ ಕಟ್ಟು, ಆಮ್ಯಾಲೆ ಉಳಿದವರದು" ಎಂದರು. ಅಂದಿನಿಂದ ಅದೇ ರೂಢಿಯಾಗಿದೆ. ಗಂಡಸರಿಗೂ ಒಂದು ವಿನಂತಿ: ಕಾಳು ನೆನೆಯಿಡುವುದು, ಸವತೆಕಾಯಿ ಹೆಚ್ಚುವುದು, ಡಬ್ಬಿ ತೊಳೆಯುವುದು ಯಾರ ಕೈಯಿಂದಲೂ ಆಗುವ ಕೆಲಸ.

ಕೊನೆಯದಾಗಿ

ಹೊಲದಲ್ಲಿರಿ, ಬಸ್ಸಿನಲ್ಲಿರಿ, ಅಂಗಡಿಯಲ್ಲಿರಿ, ಕೂಡಗಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸದಲ್ಲಿರಿ, ಊಟಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿರಿ. ಸಕ್ಕರೆ ಕಾಯಿಲೆಯವರು ಆ ಹೊತ್ತನ್ನು ತಪ್ಪಿಸಬೇಡಿರಿ. ಜೊತೆಗೆ ಕೆಲಸ ಮಾಡುವವರಿಗೆ ನಿಮ್ಮ ಕಾಯಿಲೆಯ ಬಗ್ಗೆ ತಿಳಿಸಿರಿ. ಕಿಸೆಯಲ್ಲಿ ಒಂದು ಪೊಟ್ಟಣ ಸಕ್ಕರೆ ಇಟ್ಟುಕೊಳ್ಳಿರಿ. ಪಾಳಿ ಬದಲಾಗಿ ಊಟದ ಹೊತ್ತು ಬದಲಾದರೆ, ಇಲ್ಲವೇ ಉಪವಾಸ ಮಾಡುವುದಿದ್ದರೆ, ಮಾತ್ರೆಯನ್ನು ನೀವೇ ಬಿಡದೆ, ಬದಲಿಸದೆ, ಮೊದಲೇ ವೈದ್ಯರನ್ನು ಕೇಳಿರಿ.

ಮುಂದಿನ ಸಲ ತಪಾಸಣೆಗೆ ಬರುವಾಗ ಹಳೆಯ ಚೀಟಿ, ಮಾತ್ರೆಗಳ ಜೊತೆ ನಿಮ್ಮ ಬುತ್ತಿಯನ್ನೂ ತನ್ನಿರಿ. ಸರದಿಗಾಗಿ ಕಾಯುವಾಗ ನಿಮ್ಮ ಊಟದ ಹೊತ್ತೂ ತಪ್ಪುವುದಿಲ್ಲ, ಡಬ್ಬಿಯಲ್ಲಿ ಏನು ಹೆಚ್ಚಾಗಿದೆ, ಏನು ಕಡಿಮೆಯಾಗಿದೆ ಎಂದು ಕೂಡಿಯೇ ನೋಡೋಣ.