ಮಣ್ಣು ಮಾಡುವ ಮರ್ಯಾದೆಯೂ ಮದ್ದೇ

ಎಬೋಲಾದಿಂದ ಸತ್ತವರ ಶವ ಮುಟ್ಟಿದವರಿಗೂ ಸೋಂಕು ತಗಲುತ್ತದೆ. ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳ ಹಲವು ಸಮುದಾಯಗಳಲ್ಲಿ ಶವಕ್ಕೆ ಸ್ನಾನ ಮಾಡಿಸಿ ಬೀಳ್ಕೊಡುವುದು ಬಂಧುಗಳು ತಪ್ಪಿಸಲಾಗದ ಕರ್ತವ್ಯ. 2014ರಲ್ಲಿ ರೋಗ ಹಬ್ಬಿದಾಗ ಅಧಿಕಾರಿಗಳು ಈ ಪದ್ಧತಿಯನ್ನೇ ಶತ್ರುವೆಂದು ಬಗೆದರು. ಹೆಣಗಳನ್ನು ಚೀಲಕ್ಕೆ ತುಂಬಿ, ಎಲ್ಲಿ ಹೂತರೆಂದು ಮನೆಯವರಿಗೂ ತಿಳಿಸದೆ ಒಯ್ದದ್ದುಂಟು. ಹೂಳುವುದೇ ವಾಡಿಕೆಯಾದ ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಶವ ಸುಡುವ ಆದೇಶ ಬಂತು. ಜನ ರೋಗಿಗಳನ್ನು ಬಚ್ಚಿಟ್ಟರು, ಸತ್ತವರನ್ನು ಗುಟ್ಟಾಗಿ ಹೂತರು. ಸೋಂಕು ತಡೆಯಲು ಹೊರಟ ಕ್ರಮವೇ ಸೋಂಕನ್ನು ಮರೆಗೆ ತಳ್ಳಿತು. ಆ ಸೆಪ್ಟೆಂಬರ್‌ನಲ್ಲಿ ಗಿನಿಯ ವೊಮೆ ಎಂಬಲ್ಲಿ ಅರಿವು ಮೂಡಿಸಲು ಹೋದ ತಂಡದ ಎಂಟು ಮಂದಿ ಕೊಲೆಯಾದರು.

ದಾರಿ ಮೊದಲೇ ಗೊತ್ತಿತ್ತು. 2000ದಲ್ಲಿ ಉಗಾಂಡದ ಗುಲುವಿನಲ್ಲಿ ಎಬೋಲಾ ಕಾಣಿಸಿಕೊಂಡಾಗ ಮಾನವಶಾಸ್ತ್ರಜ್ಞ ಬ್ಯಾರಿ ಹ್ಯೂಲೆಟ್ ಅಲ್ಲಿನ ಅಚೋಲಿ ಜನರ ಜೊತೆ ಅಧ್ಯಯನ ನಡೆಸಿದರು. ಮಾರಕ ಸಾಂಕ್ರಾಮಿಕಕ್ಕೆ ಅಚೋಲಿಗಳು ‘ಗೆಮೊ’ ಎನ್ನುತ್ತಿದ್ದರು. ಗೆಮೊ ಬಂತೆಂದರೆ ರೋಗಿಗೆ ದೂರದಲ್ಲಿ ಬೇರೆ ಮನೆ, ಅಲ್ಲಿಗೆ ಗುರುತಿನ ಹುಲ್ಲಿನ ಕಂಬ, ಆರೈಕೆಗೆ ರೋಗದಿಂದ ಬದುಕುಳಿದವರು, ಹೂಳುವುದು ಊರಂಚಿನಲ್ಲಿ. ಪ್ರತ್ಯೇಕವಾಸದ ತತ್ವವೆಲ್ಲ ಅವರ ರೂಢಿಯಲ್ಲೇ ಇತ್ತು. ಊರವರ ರೂಢಿಯನ್ನು ಗೌರವಿಸುವ ಈ ದಾರಿ ಮುಂದೆ ಗಿನಿಯಲ್ಲೂ ಫಲಿಸಿತು. 2014ರಲ್ಲಿ ಅಲ್ಲಿ ಗರ್ಭಿಣಿಯೊಬ್ಬರು ಎಬೋಲಾದಿಂದ ತೀರಿಕೊಂಡಾಗ, ಹೊಟ್ಟೆಯ ಮಗುವನ್ನು ತೆಗೆಯದೆ ಹೂಳಬಾರದೆಂದು ಅವರ ಸಮುದಾಯ ಹಟ ಹಿಡಿಯಿತು. ಅಂಥ ಶಸ್ತ್ರಕ್ರಿಯೆ ಮಾಡುವವರ ಜೀವಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ದುಡಿಯುತ್ತಿದ್ದ ಮಾನವಶಾಸ್ತ್ರಜ್ಞೆ ಜೂಲಿಯೆನ್ ಅನೊಕೊ ಹಿರಿಯರೊಡನೆ ಕೂತು ಮಾತಾಡಿದರು. ಪ್ರಾಯಶ್ಚಿತ್ತದ ವಿಧಿಯೊಂದಕ್ಕೆ ಎಲ್ಲರೂ ಒಪ್ಪಿದರು, ಸಂಸ್ಕಾರ ಸುರಕ್ಷಿತವಾಗಿ ನಡೆಯಿತು. ಇಂಥ ಅನುಭವಗಳು ಕೂಡಿಬಂದು, 2014ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ‘ಸುರಕ್ಷಿತ, ಗೌರವಯುತ ಶವಸಂಸ್ಕಾರ’ ನಿಯಮಾವಳಿ ಹೊರಬಂತು. ಅದರ ಪ್ರಕಾರ ಮನೆಯವರ ಒಪ್ಪಿಗೆಯಿಲ್ಲದೆ ಕೆಲಸ ಶುರು ಮಾಡಬಾರದು. ಪಾದ್ರಿಗೋ ಇಮಾಮರಿಗೋ ಪ್ರಾರ್ಥನೆಗೆ ಅವಕಾಶವಿರಬೇಕು. ಮುಸ್ಲಿಮರಿಗೆ ನೀರಿಲ್ಲದ ಶುದ್ಧೀಕರಣವನ್ನೂ ಬಿಳಿ ಕಫನನ್ನೂ ಒದಗಿಸಬೇಕು.

ರೋಗ ನುಗ್ಗಿ ಬರುವಾಗ ಊರವರೊಡನೆ ಮಾತಾಡುತ್ತ ಕೂರಲು ಪುರುಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಬಚ್ಚಿಟ್ಟ ಒಬ್ಬ ರೋಗಿಯ ಸಂಪರ್ಕಗಳನ್ನು ಹುಡುಕಲು ಹಿಡಿಯುವ ದಿನಗಳ ಮುಂದೆ ಆ ಮಾತುಕತೆಯ ಹೊತ್ತು ಏನೇನೂ ಅಲ್ಲ. ಲಸಿಕೆ ಬಂದಮೇಲೆ ಇದೆಲ್ಲ ಏಕೆಂಬ ಇನ್ನೊಂದು ವಾದಕ್ಕೆ ಕಾಂಗೋದಲ್ಲಿ ಉತ್ತರವಿದೆ. 2018ರಲ್ಲಿ ಪೂರ್ವ ಕಾಂಗೋದಲ್ಲಿ ಎಬೋಲಾ ಹಬ್ಬಿದಾಗ ಪರಿಣಾಮಕಾರಿ ಲಸಿಕೆ ಕೈಯಲ್ಲೇ ಇತ್ತು. ಮೂರು ಲಕ್ಷ ಜನರಿಗೆ ಕೊಟ್ಟದ್ದೂ ಆಯಿತು. ಆದರೂ ಆ ಹಾವಳಿ ಮುಗಿಯುವಷ್ಟರಲ್ಲಿ 2,200ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ಯುದ್ಧದ ಪಾಲು ಇದರಲ್ಲಿ ದೊಡ್ಡದು, ನಿಜ. ಆದರೆ ಯುದ್ಧದಿಂದ ಬೇಸತ್ತ ಜನ ಹೊರಗಿನವರನ್ನು ನಂಬದೆ ಹೋದದ್ದೂ ಅಷ್ಟೇ ನಿಜ. ಚಿಕಿತ್ಸಾ ಕೇಂದ್ರಗಳ ಮೇಲೆ ದಾಳಿಗಳಾದವು, ಲಸಿಕೆ ತಲುಪಬೇಕಾದ ಎಷ್ಟೋ ಮಂದಿಗೆ ತಲುಪಲಿಲ್ಲ.

ಸಮಾಜ ವಿಜ್ಞಾನಿಯನ್ನು ಗಲಾಟೆಯಾದ ಮೇಲೆ ಸಮಾಧಾನಕ್ಕೆ ಕರೆಸುವುದು ಇನ್ನಾದರೂ ನಿಲ್ಲಬೇಕು. ಪ್ರಯೋಗಾಲಯಕ್ಕೆ ಮಾದರಿ ಹೋಗುವ ದಿನವೇ ಊರವರ ಬಳಿಗೂ ಒಬ್ಬರು ಹೋಗಬೇಕು, ಹೇಳುವುದಕ್ಕಿಂತ ಮೊದಲು ಕೇಳಬೇಕು.