ಎರಡು ಕೂದಲಿನ ಬಿಡುವು: ಹಳೆಯ ಬೀಟಲ್ ಎಂಜಿನ್ನಿನ ಟ್ಯಾಪೆಟ್ ಲೆಕ್ಕ

ಎಂಜಿನ್ನಿನ ವಾಲ್ವ್ ಮುಚ್ಚಿರುವಾಗ ಅದರ ಕಡ್ಡಿಯ ತುದಿಗೂ ಅದನ್ನು ಒತ್ತಿ ತೆರೆಯುವ ರಾಕರ್ ಆರ್ಮ್‌ಗೂ ನಡುವೆ ಬೇಕೆಂದೇ ಒಂದು ಸಣ್ಣ ಸಂದು ಉಳಿಸಿರುತ್ತಾರೆ. ಇದಕ್ಕೆ ವಾಲ್ವ್ ಕ್ಲಿಯರೆನ್ಸ್ ಎಂದು ಹೆಸರು. ಗ್ಯಾರೇಜಿನವರು ಇದನ್ನು ಟ್ಯಾಪೆಟ್ ಗ್ಯಾಪ್ ಎನ್ನುತ್ತಾರೆ. ಅದನ್ನು ಅಳತೆಗೆ ತರುವ ಕೆಲಸವೇ ಟ್ಯಾಪೆಟ್ ಸೆಟ್ಟಿಂಗ್. ಫೋಕ್ಸ್‌ವ್ಯಾಗನ್ ಬೀಟಲ್‌ನ 1600 ಸಿಸಿ ಎಂಜಿನ್ನಿಗೆ ಈ ಸಂದು 0.15 ಮಿ.ಮೀ., ಅಂದರೆ ತಲೆಗೂದಲೆರಡನ್ನು ಒತ್ತಟ್ಟಿಗೆ ಇಟ್ಟಷ್ಟು. ಬಿಚ್ಚಿ ಮರುಜೋಡಿಸಿದ ಎಂಜಿನ್ ಎಷ್ಟು ವರ್ಷ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಈ ಬಿಡುವನ್ನು ಅವಲಂಬಿಸಿದೆ.

2003ರ ಜುಲೈ 30ರಂದು ಮೆಕ್ಸಿಕೋದ ಪ್ಯೂಬ್ಲಾ ಕಾರ್ಖಾನೆಯಿಂದ ಕೊನೆಯ ಬೀಟಲ್ ಹೊರಬಂತು. ಅಷ್ಟರಲ್ಲಿ ತಯಾರಾದ ಕಾರುಗಳ ಸಂಖ್ಯೆ 2.15 ಕೋಟಿ ದಾಟಿತ್ತು. ಎಂಜಿನ್ ಫ್ಯಾನ್ ಗಾಳಿಯಿಂದಲೇ ತಣಿಯುತ್ತದೆ, ರೇಡಿಯೇಟರ್ ಇಲ್ಲ, ನೀರು ಕುದಿಯುವ ಭಯವಿಲ್ಲ ಎಂಬ ಕಾರಣಕ್ಕೆ ಈ ಕಾರು ಮರುಭೂಮಿಯ ನಾಡುಗಳಲ್ಲೂ ಓಡಿತು. ಹಳೆಯ ಕಾರುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿರುವ ಕುವೈತ್‌ನಲ್ಲಿ ಇಂಥ ಎಂಜಿನ್ನುಗಳಿಗೆ ಮತ್ತೆ ಜೀವ ಕೊಡುವ ಕೆಲಸ ಶುವೈಖ್ ಕೈಗಾರಿಕಾ ಪ್ರದೇಶದಂಥ ಗ್ಯಾರೇಜು ಸಾಲುಗಳಿಗೆ ಹೊಸತಲ್ಲ. ಆದರೆ ಅಲ್ಲಿನ ಬಿಸಿಲು ಈ ಎಂಜಿನ್ನಿಗೆ ಕಠಿಣ ಪರೀಕ್ಷೆ. 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ.

ಸಂದು ಯಾಕೆ ಬೇಕು ಎಂಬುದು ತಿಳಿಯಲು ಎಕ್ಸಾಸ್ಟ್ ವಾಲ್ವ್‌ನ ಪಾಡನ್ನು ನೋಡಬೇಕು. ಉರಿದ ಅನಿಲ ಹೊರಹೋಗುವ ದಾರಿಯಲ್ಲಿ ನಿಂತ ಈ ವಾಲ್ವ್‌ನ ತಲೆ 700 ಡಿಗ್ರಿಯ ಆಸುಪಾಸಿನಲ್ಲಿ ಕಾಯುತ್ತದೆ. ಆ ಬಿಸಿಯ ಸುಮಾರು ಮುಕ್ಕಾಲು ಪಾಲು ಇಳಿಯುವುದು ವಾಲ್ವ್ ತನ್ನ ಸೀಟಿನ ಮೇಲೆ ಒತ್ತಿ ಕುಳಿತಾಗ ಮಾತ್ರ. ಉಳಿದದ್ದು ಕಡ್ಡಿಯ ಮೂಲಕ ಗೈಡ್‌ಗೆ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಒಂದು ಆವರ್ತನೆಗೆ ಸಿಗುವುದು ಸೆಕೆಂಡಿನ ಸಾವಿರದಲ್ಲಿ 40 ಪಾಲು. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗದಲ್ಲಿ ವಾಲ್ವ್ ತಣಿಯಬೇಕು. ಸಂದು ಇಲ್ಲವಾದರೆ ರಾಕರ್ ಆರ್ಮ್ ವಾಲ್ವನ್ನು ಪೂರ್ತಿ ಮುಚ್ಚಗೊಡುವುದಿಲ್ಲ. ಆಗ ಬಿಸಿ ಇಳಿಯುವ ದಾರಿ ಕಟ್ಟುತ್ತದೆ, ಸೋರುವ ಬೆಂಕಿ ವಾಲ್ವ್‌ನ ಅಂಚನ್ನು ತಿನ್ನುತ್ತದೆ, ಕಂಪ್ರೆಶನ್ ಹೋಗುತ್ತದೆ. ಸಂದು ಅತಿಯಾದರೆ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಶಕ್ತಿ ಕುಂದುತ್ತದೆ, ಟಕಟಕ ಸದ್ದು ಕೇಳಿಸುತ್ತದೆ. ಎರಡೂ ದೋಷವೇ, ಆದರೆ ಮೊದಲನೆಯದು ಸದ್ದಿಲ್ಲದೆ ಎಂಜಿನ್ನನ್ನು ಸುಡುತ್ತದೆ.

ಬೀಟಲ್ ಎಂಜಿನ್ನಿನಲ್ಲಿ ಈ ಲೆಕ್ಕ ಲೋಹಗಳ ಹಿಗ್ಗುವಿಕೆಯೊಂದಿಗೆ ಹೆಣೆದುಕೊಂಡಿದೆ. ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಸಿಲಿಂಡರ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಎಂಜಿನ್ ಕಾದಂತೆ ಇವೆಲ್ಲ ಉದ್ದವಾಗಿ ರಾಕರ್ ಆರ್ಮನ್ನು ಕ್ಯಾಮ್‌ಶಾಫ್ಟ್‌ನಿಂದ ದೂರ ಸರಿಸುತ್ತವೆ. ಕ್ಯಾಮ್‌ಶಾಫ್ಟ್‌ನ ತಳ್ಳುವಿಕೆಯನ್ನು ರಾಕರ್ ಆರ್ಮ್‌ಗೆ ಮುಟ್ಟಿಸುವ ಕಡ್ಡಿಯಾದ ಪುಶ್‌ರಾಡ್ ಅದೇ ಪ್ರಮಾಣದಲ್ಲಿ ಬೆಳೆಯದಿದ್ದರೆ ಸಂದು ಅಗಲವಾಗುತ್ತಾ ಹೋಗುತ್ತದೆ. ಅದಕ್ಕಾಗಿಯೇ ಕಂಪನಿ ಪುಶ್‌ರಾಡನ್ನು ಅಲ್ಯೂಮಿನಿಯಂ ಕೊಳವೆಯಿಂದ ಮಾಡಿ ತುದಿಗಳಿಗೆ ಮಾತ್ರ ಉಕ್ಕು ಕೂಡಿಸಿತು. ಸುಮಾರು 27 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಕಡ್ಡಿ 80 ಡಿಗ್ರಿ ಕಾದರೆ ಅರ್ಧ ಮಿ.ಮೀ.ನಷ್ಟು ಹಿಗ್ಗುತ್ತದೆ; ಅದೇ ಉದ್ದದ ಉಕ್ಕಿನ ಕಡ್ಡಿ ಹಿಗ್ಗುವುದು ಅದರ ಅರ್ಧ. ಎರಡರ ನಡುವಿನ ವ್ಯತ್ಯಾಸವೇ 0.15 ಮಿ.ಮೀ.ಗಿಂತ ದೊಡ್ಡದು! ಆದ್ದರಿಂದ ಮರುಜೋಡಣೆಯಲ್ಲಿ ಉಕ್ಕಿನ ಪುಶ್‌ರಾಡ್ ಹಾಕಿದವರು ತಣ್ಣಗಿರುವಾಗ ಸಂದನ್ನು ಸೊನ್ನೆಯ ಹತ್ತಿರಕ್ಕೆ, ಕಡ್ಡಿ ಬೆರಳಲ್ಲಿ ಸರಾಗ ತಿರುಗುವಷ್ಟಕ್ಕೆ, ನಿಲ್ಲಿಸುತ್ತಾರೆ. ಕರ್ನಾಟಕದ ಓದುಗರಿಗೆ ಇದು ಅಪರಿಚಿತವಲ್ಲ: ಬೀಡುಕಬ್ಬಿಣದ ಹಳೆಯ ಬುಲೆಟ್ ಬೈಕಿನ ಟ್ಯಾಪೆಟ್ಟನ್ನೂ ಪುಶ್‌ರಾಡ್ ತಿರುಗಿಸಿ ನೋಡಿಯೇ ಹೊಂದಿಸುತ್ತಾರೆ. ಹಾಗಾಗಿ ಒಂದು ಎಂಜಿನ್ನಿನ ಅಳತೆಯನ್ನು ಇನ್ನೊಂದಕ್ಕೆ ಹಾಕಬಾರದು. ಒಳಗಿರುವ ಪುಶ್‌ರಾಡ್ ಯಾವ ಲೋಹದ್ದು ಎಂದು ಮೊದಲು ಗುರುತಿಸಿಕೊಳ್ಳಬೇಕು.

ಅಳತೆಗೆ ಕೈಹಾಕುವ ಮುನ್ನ ಎಂಜಿನ್ ರಾತ್ರಿಯಿಡೀ ತಣ್ಣಗೆ ನಿಂತಿರಬೇಕು. ಕುವೈತ್‌ನ ಬೇಸಿಗೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಹಗಲಲ್ಲಿ ಓಡದೆ ಬಿಸಿಲಲ್ಲಿ ನಿಂತ ಕಾರಿನ ಎಂಜಿನ್ ಕೂಡ ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆ ಕಾದಿರುತ್ತದೆ. ಎಲ್ಲ ಭಾಗವೂ ಒಂದೇ ಸಮನಾಗಿ ಬೆಚ್ಚಗಿದ್ದರೆ ಆಗುವ ವ್ಯತ್ಯಾಸ ಚಿಕ್ಕದು. ಅಳತೆ ಕೆಡಿಸುವುದು ಅಸಮ ಬಿಸಿ. ನೆರಳಿನಲ್ಲಿ ಮುಂಜಾನೆಯ ಹೊತ್ತೇ ಈ ಕೆಲಸಕ್ಕೆ ಸರಿ.

ಕಾರಿನ ಹಿಂಬದಿಯಲ್ಲಿರುವ ಈ ಎಂಜಿನ್ನಿನ ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎರಡು ಬದಿಗೆ ಮಲಗಿರುತ್ತವೆ. ಬಲಬದಿಯಲ್ಲಿ ಮುಂದಿನದು 1, ಹಿಂದಿನದು 2. ಎಡಬದಿಯಲ್ಲಿ ಮುಂದಿನದು 3, ಹಿಂದಿನದು 4. ಎಡಗಡೆ ಸ್ಟೀರಿಂಗ್ ಇರುವ ಕುವೈತ್‌ನ ಕಾರಿನಲ್ಲಿ 3 ಮತ್ತು 4 ಚಾಲಕನ ಬದಿಗೆ ಬರುತ್ತವೆ. ಪ್ರತಿ ಹೆಡ್‌ನಲ್ಲಿ ಎರಡು ತುದಿಯವು ಎಕ್ಸಾಸ್ಟ್, ನಡುವಿನ ಎರಡು ಇನ್‌ಟೇಕ್.

ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಒಳಗಿನ ರೋಟರ್ ಅಂಚಿನ ಗೀರಿಗೆ ಎದುರಾಗುವವರೆಗೆ ಪುಲ್ಲಿ ತಿರುಗಿಸಿ, ಪುಲ್ಲಿಯ ಗುರುತನ್ನು ಕೇಸಿನ ಜೋಡುಗೆರೆಗೆ ಹೊಂದಿಸಿದರೆ 1ನೇ ಸಿಲಿಂಡರ್ ಸಿದ್ಧ. ಅದರ ಎರಡೂ ವಾಲ್ವ್ ಮುಚ್ಚಿರುತ್ತವೆ. ಅದು ಮುಗಿದ ಮೇಲೆ ಪುಲ್ಲಿಯನ್ನು ಎಡಸುತ್ತಾಗಿ ಅರ್ಧ ಸುತ್ತು ತಿರುಗಿಸಿದರೆ 2, ಮತ್ತರ್ಧಕ್ಕೆ 3, ಮತ್ತರ್ಧಕ್ಕೆ 4. ಎಂಜಿನ್ ಉರಿಯುವ ಕ್ರಮ 1-4-3-2. ಹಿಮ್ಮುಖವಾಗಿ ತಿರುಗಿಸುವುದರಿಂದ ಎಣಿಕೆ ನೇರವಾಗಿ ಸಿಗುತ್ತದೆ.

ಅಳೆಯುವುದು ಫೀಲರ್ ಗೇಜಿನ 0.15 ಮಿ.ಮೀ. ಪಟ್ಟಿಯಿಂದ. ರಾಕರ್ ಆರ್ಮ್‌ನ ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ, ಪಟ್ಟಿ ಸಂದಿನಲ್ಲಿ ತುಸು ತಡೆಯುತ್ತಾ ಜಾರುವಂತೆ ಮಾಡಬೇಕು: ಮುಚ್ಚಿದ ಪುಸ್ತಕದಿಂದ ಗುರುತಿನ ಚೀಟಿ ಎಳೆದಾಗ ಕೈಗೆ ಸಿಗುವ ಹಿಡಿತ ಅದು. ನಟ್ ಬಿಗಿಯುವಾಗ ಸ್ಕ್ರೂ ಕೂಡ ಅದರ ಜೊತೆ ಕೊಂಚ ಸರಿಯುತ್ತದೆ. ಆದ್ದರಿಂದ ಬಿಗಿದ ನಂತರ ಮತ್ತೊಮ್ಮೆ ಅಳೆಯುವುದು ಕಡ್ಡಾಯ. ಸ್ಕ್ರೂವಿನ ತುದಿ ಸವೆದು ಕುಳಿ ಬಿದ್ದಿದ್ದರೆ ಪಟ್ಟಿ ಆ ಕುಳಿಯ ಮೇಲೆ ಸೇತುವೆಯಂತೆ ನಿಂತು ಸುಳ್ಳು ಹೇಳುತ್ತದೆ. ಅಂಥ ಸ್ಕ್ರೂಗಳನ್ನು ಮರುಜೋಡಣೆಯಲ್ಲೇ ಬದಲಿಸಬೇಕು. ಹೊಸದಾಗಿ ಕೂಡಿಸಿದ ಭಾಗಗಳು ಓಡುತ್ತಾ ಕುಳಿತುಕೊಳ್ಳುವುದರಿಂದ ಮೊದಲ 500 ಕಿ.ಮೀ. ಆದಾಗ ಮತ್ತೆ ನೋಡಿ, ಆಮೇಲೆ ಸುಮಾರು 5,000 ಕಿ.ಮೀ.ಗೊಮ್ಮೆ ನೋಡಿದರೆ ಸಾಕು.

ಕುವೈತ್‌ನ ಬಿಸಿ ಈ ಎಂಜಿನ್ನನ್ನು ಎರಡು ಬಗೆಯಲ್ಲಿ ಕಾಡುತ್ತದೆ. 20 ಡಿಗ್ರಿಯ ಗಾಳಿಗೆ ಹೋಲಿಸಿದರೆ 50 ಡಿಗ್ರಿಯ ಗಾಳಿ ಶೇ. 9ರಷ್ಟು ತೆಳು, ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ತಳ್ಳುವ ಗಾಳಿಯ ತೂಕ ಕಡಿಮೆ. ಮೇಲಾಗಿ ಸಿಲಿಂಡರ್ ರೆಕ್ಕೆಗಳಿಗೂ ಗಾಳಿಗೂ ಇರುವ ಬಿಸಿಯ ಅಂತರವೂ ಕುಗ್ಗುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಆಯಿಲ್ ಕೂಲರ್ 3ನೇ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲೇ ಇತ್ತು. 1971ರ ಮಾದರಿಯಿಂದ ಅದನ್ನು ಪಕ್ಕಕ್ಕೆ ಸರಿಸಲಾಯಿತು. ಹೀಗಾಗಿ ಹಳೆಯವುಗಳಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ 3ನೆಯದರ ಎಕ್ಸಾಸ್ಟ್ ವಾಲ್ವ್. ಬಿಸಿಯ ಜೊತೆಗೆ, ಏರ್ ಫಿಲ್ಟರ್ ದಾಟಿ ಒಳಹೋಗುವ ನುಣ್ಣನೆಯ ಧೂಳು ಗೈಡ್ ಮತ್ತು ಸೀಟುಗಳನ್ನು ಸವೆಸುತ್ತದೆ. ಸೀಟು ಸವೆದರೆ ವಾಲ್ವ್ ಒಳಕ್ಕೆ ಸರಿದು ಸಂದು ಕಿರಿದಾಗುತ್ತದೆ.

ಆದ್ದರಿಂದ ಅನುಮಾನವಿದ್ದಾಗ ಸಂದು ಒಂದಿಷ್ಟು ಹೆಚ್ಚೇ ಇರಲಿ, ಕಡಿಮೆಯಾಗುವುದು ಬೇಡ. ಪ್ರತಿ ಸಲ ಸಿಕ್ಕ ಎಂಟೂ ಅಳತೆಗಳನ್ನು, ಸ್ಕ್ರೂ ಮುಟ್ಟುವ ಮೊದಲೇ, ಒಂದು ಪುಸ್ತಕದಲ್ಲಿ ಬರೆದಿಡಬೇಕು. ಯಾವುದಾದರೂ ಒಂದೇ ವಾಲ್ವ್‌ನ ಸಂದು ಸಲದಿಂದ ಸಲಕ್ಕೆ ಕಿರಿದಾಗುತ್ತಿದ್ದರೆ ಅದರ ಸೀಟು ಸವೆಯುತ್ತಿದೆ, ಇಲ್ಲವೇ ಕಡ್ಡಿ ಹಿಗ್ಗಿ ತೆಳುವಾಗುತ್ತಿದೆ. ಅಂಥ ವಾಲ್ವ್‌ನ ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಇಡೀ ಎಂಜಿನ್ ಹಾಳು. ಅದಕ್ಕೆ ಮತ್ತೆ ಮತ್ತೆ ಸಂದು ಹೊಂದಿಸುತ್ತಾ ಕೂರದೆ, ಹೆಡ್ ಬಿಚ್ಚಿ ವಾಲ್ವ್ ಬದಲಿಸಬೇಕು.