ಊರ ಹೆಸರಿಲ್ಲದ ಕಲ್ಲು ಬರೀ ಕಲ್ಲು

ರೋಣದ ಬಸ್ ನಿಲ್ದಾಣದಲ್ಲಿ ಒಬ್ಬ ಹಿರಿಯರು ಟವೆಲ್ಲಿನ ಗಂಟು ಬಿಚ್ಚಿ, ಒಳಗಿಂದ ಕಲ್ಲು ತೆಗೆದು ಮತ್ತೊಬ್ಬರಿಗೆ ತೋರಿಸುತ್ತಿದ್ದರೆ ಸುತ್ತ ನಿಂತವರಿಗೆ ನಗೆ ಬರುವುದು ಸಹಜವೇ. "ಯಾಕ್ರೀ ಯಜಮಾನ್ರ, ನಿಮ್ಮೂರಾಗ ಕಲ್ಲಿಗೂ ಬರ ಬಂದೈತೇನು?" ಎಂದು ಕೇಳುವ ಕಂಡಕ್ಟರನೂ ಸಿಗುತ್ತಾನೆ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಮಳೆಗೆ ಬರ ಬಂದದ್ದುಂಟು, ಕುಡಿಯುವ ನೀರಿಗೆ ಬಂದದ್ದುಂಟು. ಕಲ್ಲಿಗೆ ಮಾತ್ರ ಎಂದೂ ಬಂದಿಲ್ಲ. ಆದರೂ ಕಲ್ಲು ಆರಿಸುವ ಹುಚ್ಚಿನವರು ಅಲ್ಲೊಬ್ಬ ಇಲ್ಲೊಬ್ಬ ಇದ್ದೇ ಇರುತ್ತಾರೆ.

ಇವರಿಗೆ ಸಂಘವಿಲ್ಲ, ಅಧ್ಯಕ್ಷರಿಲ್ಲ, ವರ್ಗಣಿಯ ಪಾವತಿ ಪುಸ್ತಕವೂ ಇಲ್ಲ. ಮಾಸ್ತರರಾದರೆ ಮೇಜಿನ ಖಣದಲ್ಲಿ, ಅಂಗಡಿಕಾರರಾದರೆ ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ, ರೈತರಾದರೆ ದೇವರ ಮಾಡದ ಬದಿಗೆ ನಾಲ್ಕು ಕಲ್ಲು ಇಟ್ಟುಕೊಂಡಿರುತ್ತಾರೆ. ಕಲ್ಲಿನ ಜೊತೆಗೆ ಗೀಜಗನ ಗೂಡು, ಉದುರಿದ ನವಿಲುಗರಿ, ಹಾವು ಬಿಟ್ಟ ಪೊರೆ. ಮಿರಗದ ಮಳೆ ಬಿದ್ದಾಗ ಹೊಲದಲ್ಲಿ ಹರಿದಾಡುವ ಕೆಂಪು ಮಖಮಲ್ಲಿನಂಥ ಹುಳದ ಸುದ್ದಿಯೂ ಇವರ ನಡುವೆ ದೊಡ್ಡ ಸುದ್ದಿಯೇ. ಸಂತೆಯ ದಿನ ಇಬ್ಬರು ಕೂಡಿದರೆಂದರೆ ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

"ಇದು ಎಲ್ಲಿ ಸಿಕ್ತೋ ತಮ್ಮಾ?"

"ಅಕ್ಕನ ಊರಾಗ ಕಾಕಾ. ಅವರ ಮಾವಾರು ಬಾವಿ ತೋಡಸಾಕ ಹತ್ಯಾರ. ಎರಡಾಳು ಇಳಿದ ಮ್ಯಾಲ ಬಂತು."

"ಬಾವಿ ತೋಡಸಾಕತ್ತಾರ? ಹಂಗಾರ ಈ ವರ್ಷ ಹುಡುಗಿ ಮದುವಿ ಇಲ್ಲನ್ನು."

"ಮದುವಿ ಮುಂದಿನ ವರ್ಷರೀ. ಮೊದಲ ನೀರು ಬೀಳಲಿ ಅಂತಾರ."

ಕೇಳಿದವರಿಗೆ ಇದು ಮನೆವಾರ್ತೆ. ಆದರೆ ಕಲ್ಲಿನ ಪೂರ್ತಿ ವಿಳಾಸವೂ ಇದರಲ್ಲೇ ಇದೆ. ಯಾವ ಊರು, ಯಾರ ಹೊಲ, ಎಷ್ಟು ಆಳ, ಯಾವ ವರ್ಷ, ಎಲ್ಲವೂ ಬಂದುಹೋಯಿತು. ಈ ನಾಲ್ಕು ಮಾತಿನ ಬೆಲೆ ಕಲ್ಲಿನ ಬೆಲೆಗಿಂತ ಹೆಚ್ಚು. ಬಹಳ ಜನಕ್ಕೆ ಇದು ತಿಳಿಯುವುದಿಲ್ಲ, ಕಲ್ಲು ಇಟ್ಟುಕೊಂಡವರಿಗೂ ಒಮ್ಮೊಮ್ಮೆ ತಿಳಿಯುವುದಿಲ್ಲ.

ಹೊಲ ಹಡೆಯುವ ಕಲ್ಲು

ಈ ಭಾಗದ ಬಯಲು ಬಹುಪಾಲು ಎರೆ. ಎರೆಮಣ್ಣು ಸುಮ್ಮನೆ ಬಿದ್ದುಕೊಂಡಿರುವ ಮಣ್ಣಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಬಿರುಕಿನೊಳಗೆ ಮೇಲಿನ ಮಣ್ಣು ಜಾರಿ ಬೀಳುತ್ತದೆ. ಮತ್ತೆ ಮಳೆ ಬಂದು ಉಬ್ಬಿದಾಗ ಒಳಗೆ ಜಾಗ ಸಾಲದೆ ಕೆಳಗಿನದು ಒತ್ತರಿಸಿಕೊಂಡು ಮೇಲೆ ಬರುತ್ತದೆ, ಜೊತೆಗೆ ಕಲ್ಲನ್ನೂ ಎತ್ತಿಕೊಂಡು. ಹೋದ ವರ್ಷ ಆರಿಸಿ ಬದುವಿಗೆ ಹಾಕಿದ ಹೊಲದಲ್ಲಿ ಈ ವರ್ಷ ಮತ್ತೆ ಕಲ್ಲು ಕಂಡರೆ ಅದು ಆಳುಮಗನ ಸೋಮಾರಿತನವಲ್ಲ. ಹೊಲ ಕಲ್ಲು ಹಡೆಯುತ್ತದೆ ಎಂದು ನಗೆಯಾಡಿದರೂ ಮಾತಿನಲ್ಲಿ ಸತ್ಯವಿದೆ.

ಹೀಗೆ ಬರುವ ಕಲ್ಲುಗಳಲ್ಲಿ ಬೂದುಬಣ್ಣದ ಗಂಟುಗಂಟಾದದ್ದು ಸುಣ್ಣದ ಹರಳು. ಮಳೆನೀರು ಮಣ್ಣಿನ ಸುಣ್ಣದ ಅಂಶ ಕರಗಿಸಿ ಕೆಳಕ್ಕೆ ಒಯ್ಯುತ್ತದೆ, ನೀರು ಆರಿದಲ್ಲಿ ಸುಣ್ಣ ಗಂಟು ಕಟ್ಟುತ್ತದೆ. ಹಿಂದೆ ಇಂಥ ಹರಳನ್ನೇ ಸುಟ್ಟು ಗೋಡೆಗೆ ಸುಣ್ಣ ಮಾಡುತ್ತಿದ್ದರು. ಕುಟ್ಟಿ ಪುಡಿ ಮಾಡಿ ನಿಂಬೆಹಣ್ಣಿನ ರಸ ಹಾಕಿದರೆ ಸಣ್ಣಗೆ ನೊರೆ ಏಳುತ್ತದೆ. ಬಿಳಿ ಬೆಣಚುಕಲ್ಲಿಗೆ ಎಷ್ಟು ಹುಳಿ ಹಿಂಡಿದರೂ ಏನೂ ಆಗದು, ಆದರೆ ಅದು ಗಾಜಿನ ಮೇಲೆ ಗೀರು ಎಳೆಯುತ್ತದೆ. ಪದರು ಪದರಾಗಿ ಬಿಡಿಸಿಕೊಳ್ಳುವ ಹೊಳಪಿನದು ಕಾಗೆಬಂಗಾರ. ಹೆಸರಲ್ಲಿ ಬಂಗಾರ ಇದ್ದದ್ದೇ ಬಂತು.

ಬಂಗಾರದ ಮಾತು ಬಂದಾಗ ಒಂದು ಎಚ್ಚರಿಕೆ. ಕಪ್ಪತಗುಡ್ಡದ ಹಳ್ಳಗಳ ಮರಳು ತೊಳೆದು ಜಾಲಗಾರರು ಬಂಗಾರದ ಕಣ ತೆಗೆಯುತ್ತಿದ್ದದ್ದು ನಿಜ. ಅದನ್ನು ಕೇಳಿಕೊಂಡವರು ಹಳದಿ ಹೊಳಪಿನ ಕಲ್ಲು ಕಂಡ ಕೂಡಲೇ ಅಕ್ಕಸಾಲಿಗರ ಅಂಗಡಿಗೆ ಓಡುತ್ತಾರೆ. ಓಡುವ ಮುಂಚೆ ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿ ನೋಡಬೇಕು. ಬಂಗಾರವಾದರೆ ಚಪ್ಪಟೆಯಾಗುತ್ತದೆ. ಪುಡಿಪುಡಿಯಾದರೆ ಅದು ಗಂಧಕ ಕೂಡಿದ ಕಬ್ಬಿಣದ ಅದಿರು, ಬಸ್ಸಿನ ಚಾರ್ಜು ಉಳಿಯಿತು.

ಗಜೇಂದ್ರಗಡದ ಕಡೆಗೆ ಹೋದರೆ ಕಲ್ಲಿನ ಜಾತಿಯೇ ಬೇರೆ. ಅಲ್ಲಿಯ ಗುಡ್ಡಗಳು ಬಾದಾಮಿ, ಬಾಗಲಕೋಟೆಯ ಕಡೆಯಿಂದ ಹಬ್ಬಿದ ಕಲಾದಗಿ ಶ್ರೇಣಿಯ ಮರಳುಗಲ್ಲಿನ ದಕ್ಷಿಣದ ಅಂಚು. ನೂರು ಕೋಟಿ ವರ್ಷಗಳ ಆಸುಪಾಸಿನ ಹಳೆಯ ಕಲ್ಲು ಅದು. ಗಜೇಂದ್ರಗಡ ಎಂದರೆ ಶಾಲೆಯ ಪುಸ್ತಕಕ್ಕೆ ನೆನಪಾಗುವುದು ಟೀಪು ಮತ್ತು ಮರಾಠರ ನಡುವಿನ 1787ರ ಒಪ್ಪಂದ. ಗುಡ್ಡದ ಲೆಕ್ಕದಲ್ಲಿ ಅದು ನಿನ್ನೆ ಸಂಜೆಯ ಮಾತು. ಕಾಲಕಾಲೇಶ್ವರದ ಅಂತರಗಂಗೆಯಲ್ಲಿ ಬೇಸಿಗೆಯಲ್ಲೂ ನೀರು ಬರುವುದು ಈ ಕಲ್ಲಿನ ಗುಣದಿಂದಲೇ. ಸೀಳು ಬಿರುಕುಗಳಲ್ಲಿ ಮಳೆನೀರು ಇಳಿದು ನಿಂತು, ದಾರಿ ಸಿಕ್ಕಲ್ಲಿ ಸ್ವಲ್ಪಸ್ವಲ್ಪವೇ ಹೊರಗೆ ಬರುತ್ತದೆ. ಹೀಗೆಂದರೆ ಕ್ಷೇತ್ರದ ಮಹಿಮೆಗೇನೂ ಕಡಿಮೆಯಾಗಲಿಲ್ಲ.

ಬಾದಾಮಿಯ ಮರಳುಗಲ್ಲಿನ ಹಾಸುಬಂಡೆಗಳ ಮೇಲೆ ಕೆರೆಯ ದಂಡೆಯ ಮರಳಿನಲ್ಲಿ ಕಾಣುವಂಥ ಅಲೆಅಲೆಯಾದ ಗೆರೆಗಳಿವೆ. ಅವನ್ನು ಯಾವ ಶಿಲ್ಪಿಯೂ ಕೊರೆದದ್ದಲ್ಲ. ಮರಳು ಕಲ್ಲಾಗುವ ಮೊದಲು ಅದರ ಮೇಲೆ ಆಡಿದ ನೀರಿನ ಗುರುತು. ಇನ್ನು ಕೆಲವು ಕಲ್ಲು ಸೀಳಿದಾಗ ಒಳಗೆ ಕಪ್ಪು ಗಿಡದ ಚಿತ್ರ ಕಾಣುತ್ತದೆ. "ಕಲ್ಲಿನ್ಯಾಗ ಗಿಡ ಬೆಳದೈತ್ರೀ" ಎಂದು ತಂದು ತೋರಿಸುವವರ ಉತ್ಸಾಹ ಕೆಡಿಸಲು ಮನಸ್ಸಾಗದು, ಆದರೆ ಅದು ಗಿಡವಲ್ಲ. ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಕಲೆ ಕೊಂಬೆಕೊಂಬೆಯಾಗಿ ಹಬ್ಬಿದ್ದು. ಕಲಾದಗಿಯ ಕಲ್ಲು ಆಗುವ ಕಾಲಕ್ಕೆ ಭೂಮಿಯ ಮೇಲೆ ಎಲೆ ಬಿಡುವ ಗಿಡ ಇನ್ನೂ ಹುಟ್ಟಿರಲೇ ಇಲ್ಲ.

ಮಾವ ಗಾದೆ ಆರಿಸಿದ, ಅಳಿಯ ಕಲ್ಲು ಆರಿಸಿದ

ಕಲ್ಲು ಆರಿಸುವುದು ನಿರುದ್ಯೋಗಿಗಳ ಕೆಲಸ ಎನ್ನುವವರು ರಾಬರ್ಟ್ ಬ್ರೂಸ್ ಫೂಟ್ ಎಂಬಾತನ ಕಥೆ ಕೇಳಬೇಕು. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದ ಇಂಗ್ಲಿಷಿನವನು. ಬಂಡೆಗಳ ನಕ್ಷೆ ಮಾಡುವುದು ಅವನ ನೌಕರಿ. ಮನುಷ್ಯ ಕೈಯಾರೆ ಮಾಡಿದ ಕಲ್ಲಿನ ಆಯುಧ ಹುಡುಕುವುದು ಮಾತ್ರ ಅವನ ಸ್ವಂತ ಹುಚ್ಚು. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಗರಸು ತೆಗೆದ ಒಂದು ಕುಣಿಯ ಹತ್ತಿರ, ಅವನಿಗೆ ಒಂದು ಕೈಗೊಡಲಿ ಸಿಕ್ಕಿತು. ಭಾರತದಲ್ಲಿಯೂ ಹಳೆಯ ಶಿಲಾಯುಗದ ಮನುಷ್ಯ ಇದ್ದನೆಂಬುದು ಲೋಕಕ್ಕೆ ಗೊತ್ತಾದದ್ದು ಆ ಒಂದು ಕಲ್ಲಿನಿಂದ.

ನಮ್ಮ ಕಡೆಯ ಗುಡ್ಡ, ಹೊಳೆ, ಎರೆ ಎಲ್ಲವನ್ನೂ ಈ ಫೂಟ್ ಸಾಹೇಬ ತಿರುಗಿ ನೋಡಿದ. ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಮೇಲೆ ಅವನು ಬರೆದ ದೊಡ್ಡ ವರದಿ 1876ರಲ್ಲಿ ಅಚ್ಚಾಯಿತು. ಡಂಬಳ ಗುಡ್ಡಗಳ ಬಂಗಾರದ ಕಲ್ಲಿನ ಬಗ್ಗೆ 1874ರಲ್ಲೇ ಬರೆದಿದ್ದ. ಅದೇ ವರ್ಷ ಇನ್ನೊಂದು ಸಂಗತಿಯನ್ನೂ ಪ್ರಕಟಿಸಿದ. ಗೋಕಾಕದ ಸಮೀಪದ ಹಳ್ಳದಲ್ಲಿ ಅವನಿಗೆ ಘೇಂಡಾಮೃಗದ ಎಲುಬು ಸಿಕ್ಕಿದ್ದವು, ಕಲ್ಲಾದ ಎಲುಬು. ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟ. ಕರದಂಟಿನ ಊರಿನ ಹತ್ತಿರ ಒಂದಾನೊಂದು ಕಾಲಕ್ಕೆ ಘೇಂಡಾಮೃಗ ಮೇಯುತ್ತಿತ್ತು ಎಂದರೆ ಬಸ್ಸಿನಲ್ಲಿ ಕೂತವರು ಯಾರು ನಂಬಿಯಾರು? ಆದರೆ ಎಲುಬು ಸಿಕ್ಕ ಜಾಗ ಬರೆದಿಟ್ಟಿದ್ದರಿಂದ ನಂಬಲೇಬೇಕಾಯಿತು.

ಸಾಹೇಬನ ಮನೆವಾರ್ತೆಯೂ ಸ್ವಾರಸ್ಯದ್ದು. ಅವನ ಮಾವ ಪೀಟರ್ ಪರ್ಸಿವಲ್ ಎಂಬ ಪಾದ್ರಿ ತಮಿಳು ಗಾದೆಗಳನ್ನು ಕೂಡಿಸಿ ಪುಸ್ತಕ ಮಾಡಿದವನು. ಮಗ ಹೆನ್ರಿ ಸೈನ್ಯದಲ್ಲಿ ಲೆಫ್ಟಿನೆಂಟ್. 1884ರ ಸುಮಾರಿಗೆ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗವಿಗಳನ್ನು ಅಗೆಯುವ ಕೆಲಸಕ್ಕೆ ತಂದೆಯೊಡನೆ ಈ ಮಗನೂ ಬಿದ್ದ. ಮಾವನಿಗೆ ಗಾದೆ, ಅಳಿಯನಿಗೆ ಕಲ್ಲು, ಮೊಮ್ಮಗನಿಗೆ ಗವಿ. ಒಂದು ಮನೆಯಲ್ಲಿ ಆರಿಸುವ ಚಟ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ.

ಫೂಟ್ ತಾನು ಆರಿಸಿದ್ದನ್ನೆಲ್ಲ 1904ರಲ್ಲಿ ಮದರಾಸಿನ ಸರಕಾರಿ ಮ್ಯೂಜಿಯಮ್ಮಿಗೆ ಕೊಟ್ಟ, ದುಡ್ಡು ಪಡೆದೇ ಕೊಟ್ಟ. 1912ರಲ್ಲಿ ತೀರಿಕೊಂಡ. ಅವನು ಸಿದ್ಧಪಡಿಸಿದ ಯಾದಿ ಅಚ್ಚಾದದ್ದು 1914ರಲ್ಲಿ, ಅದಕ್ಕೆ ಬರೆದ ಟಿಪ್ಪಣಿ 1916ರಲ್ಲಿ. ಆರಿಸಿದವನು ಹೋದಮೇಲೂ ಕಲ್ಲು ಮಾತಾಡಿತು. ಕಾರಣ ಒಂದೇ, ಇದು ಇಂಥ ಊರಿನದು ಎಂದು ಅವನು ಬರೆದಿಟ್ಟಿದ್ದ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಆರ್.ವಿ. ಜೋಶಿ ಮಲಪ್ರಭಾ ದಂಡೆಗುಂಟ ತಿರುಗಿ, ಬಾದಾಮಿ ತಾಲ್ಲೂಕಿನ ಖ್ಯಾಡದಂಥ ಊರುಗಳಲ್ಲಿ ಶಿಲಾಯುಗದ ಆಯುಧಗಳನ್ನು ಅಭ್ಯಾಸ ಮಾಡಿ 1955ರಲ್ಲಿ ಪುಸ್ತಕ ತಂದರು. ನರಗುಂದ, ರೋಣದವರು ದಿನಾ ದಾಟುವ ಹೊಳೆ ಅದೇ.

ಟ್ರಂಕಿನೊಳಗಿನ ಗೋಳು

ಈಗ ನಮ್ಮ ಊರುಗಳ ಕಡೆ ಬರೋಣ. ಹಿರಿಯರೊಬ್ಬರು ನಲವತ್ತು ವರ್ಷ ಆರಿಸಿ ಕಬ್ಬಿಣದ ಟ್ರಂಕಿನಲ್ಲಿ ತುಂಬಿಟ್ಟ ಕಲ್ಲು ಏನಾಗುತ್ತವೆ? ಹಿರಿಯರು ಇರುವ ತನಕ ಪ್ರತಿ ಕಲ್ಲಿಗೂ ಕಥೆ ಉಂಟು. ಇದು ತಂಗಿಯ ಸೀಮಂತಕ್ಕೆ ಹೋದಾಗ ಹೊಳೆಆಲೂರಿನ ದಂಡೆಯಲ್ಲಿ ಸಿಕ್ಕದ್ದು, ಇದು ಮಗನಿಗೆ ನೌಕರಿ ಬಂದ ವರ್ಷ ಮನೆಯ ಪಾಯ ತೆಗೆದಾಗ ಬಂದದ್ದು. ಅವರು ಕಣ್ಣು ಮುಚ್ಚಿದ ಮೇಲೆ ಟ್ರಂಕು ಒಂದು ಭಾರ. ಸೊಸೆ "ಇವನ್ನ ಏನ್ ಮಾಡೂಣ್ರೀ?" ಅನ್ನುತ್ತಾಳೆ, ಮಗ ಅಂಗಳದ ತಗ್ಗಿಗೆ ಸುರಿಯುತ್ತಾನೆ. ಟ್ರಂಕಿನಲ್ಲಿ ಜೋಳ ಬಂದು ಕೂಡುತ್ತದೆ. ಮಗನನ್ನಾದರೂ ಏನೆಂದು ಬೈಯುವುದು? ಅವನ ಕೈಗೆ ಸಿಕ್ಕದ್ದು ಕಲ್ಲು ಮಾತ್ರ, ಕಥೆ ಹಿರಿಯರ ಬೆನ್ನಿಗೇ ಹೋಯಿತು.

ಸುರಿದದ್ದರಲ್ಲಿ ಬೆಣಚುಕಲ್ಲು ಇದ್ದರೆ ನಷ್ಟವೇನಿಲ್ಲ. ಆದರೆ ಹೊಲದಲ್ಲಿ ಸಿಕ್ಕ ನುಣ್ಣನೆಯ ಕಪ್ಪು ಕಲ್ಲಿನ ಕೊಡಲಿ, ಒಂದು ತುದಿ ಚೂಪು, ಇನ್ನೊಂದು ಅಂಚು ಮಸೆದದ್ದು, ಇದ್ದರೆ? ಸಿಡಿಲಿನ ಜೊತೆ ಮುಗಿಲಿನಿಂದ ಬಿದ್ದ ಕಲ್ಲೆಂದು ಜನ ಅಂಥದನ್ನು ಗುಡಿಯಲ್ಲೋ ಗಿಡದ ಬುಡದಲ್ಲೋ ಇಟ್ಟು ಕುಂಕುಮ ಹಚ್ಚಿ ಪೂಜೆ ಮಾಡಿದ್ದುಂಟು. ಅದು ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿಯೇ ದನ ಕಟ್ಟಿಕೊಂಡು, ಕಾಳು ಬೆಳೆದು ಬದುಕಿದವರ ಕೈಯ ಸಾಮಾನು. ಪೂಜೆ ಮಾಡಿದವರು ಒಂದರ್ಥದಲ್ಲಿ ಉಪಕಾರವನ್ನೇ ಮಾಡಿದರು, ಊರಿನ ಕಲ್ಲು ಊರಿನಲ್ಲೇ ಉಳಿಯಿತು.

ಇನ್ನೂ ಹಳೆಯ ಆಯುಧಗಳು ಮಸೆದವಲ್ಲ, ಚಕ್ಕೆ ಎಬ್ಬಿಸಿ ಮಾಡಿದವು. ಹೊಳೆಯಲ್ಲಿ ಉರುಳಿದ ಕಲ್ಲು ಎಲ್ಲ ಕಡೆಯಿಂದ ಗುಂಡಗಾಗುತ್ತದೆ. ಮನುಷ್ಯ ಒಡೆದ ಕಲ್ಲಿನಲ್ಲಿ ಚಕ್ಕೆ ಹೋದ ತಗ್ಗುಗಳು ಎರಡೂ ಮಗ್ಗುಲಿಂದ ಒಂದು ಅಂಚಿಗೆ ಬಂದು ಸೇರುತ್ತವೆ. ನೋಡಿ ನೋಡಿ ಕಣ್ಣು ಪಳಗಬೇಕು. ಪಳಗಿದ ಕಣ್ಣೂ ಹತ್ತರಲ್ಲಿ ಏಳು ಸಲ ಮೋಸಹೋಗುತ್ತದೆ, ಅದಕ್ಕೆ ಬೇಜಾರಾಗಬಾರದು.

ಮಲಪ್ರಭೆ 2009ರಲ್ಲಿಯೂ 2019ರಲ್ಲಿಯೂ ಉಕ್ಕಿ ದಂಡೆ ಕೊರೆದಳು. ರಸ್ತೆಗೆಂದು ಮರಡಿಗಳ ಗರಸು ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ. ಗಾಳಿಯಂತ್ರಗಳಿಗಾಗಿ ಗುಡ್ಡದ ಮೇಲೆ ದಾರಿ ಕಡಿದಿದ್ದಾರೆ. ಪಲ್ಲಾವರಂನಲ್ಲಿ ಆದಂತೆ ಕಲ್ಲು ಮೇಲೆ ಬರುವುದು ಹೀಗೆ ಅಗೆದಾಗಲೇ, ಕಾಣದೆ ಹೋಗುವುದೂ ಆಗಲೇ. ಟ್ರ್ಯಾಕ್ಟರಿನ ಹಿಂದೆ ಓಡಲು ಯಾರಿಗೂ ಆಗದು. ಆದರೆ ಕೈಗೆ ಬಂದ ಕಲ್ಲಿಗೆ ಊರಿನ ಹೆಸರು ಬರೆಯಲು ಖರ್ಚೇನಿಲ್ಲ. ಕಲ್ಲಿನ ಒಂದು ಮೂಲೆಗೆ ಉಗುರಿನಷ್ಟು ಬಿಳಿ ಬಣ್ಣ ಹಚ್ಚಿ, ಆರಿದ ಮೇಲೆ ಅದರ ಮೇಲೆ ಶಾಯಿಯಲ್ಲಿ ನಂಬರು ಹಾಕಬೇಕು. ಅಂಗಡಿಯ ಹಳೆಯ ಖಾತೆವಹಿಯಲ್ಲಿ ಅದೇ ನಂಬರಿನ ಮುಂದೆ ಊರು, ಹೊಲ, ಆಳ, ತಾರೀಖು, ಸಿಕ್ಕವರ ಹೆಸರು ಬರೆಯಬೇಕು. "ಅಕ್ಕನ ಮಾವಾರ ಬಾವಿ, ಎರಡಾಳು" ಎಂದರೂ ಸಾಕು. ಉದ್ರಿ ಲೆಕ್ಕ ಬರೆಯುವ ಕೈಗೆ ಇದು ಯಾವ ದೊಡ್ಡ ಕೆಲಸ?

ಕೆತ್ತನೆಯ ಕಲ್ಲು, ಅಕ್ಷರ ಇದ್ದ ಕಲ್ಲು ಕಂಡರೆ ಮಾತ್ರ ಮನೆಗೆ ಒಯ್ಯಬಾರದು. ಅದನ್ನು ಇದ್ದಲ್ಲೇ ಬಿಟ್ಟು ಪುರಾತತ್ವದವರಿಗೋ ತಹಶೀಲ್ದಾರರಿಗೋ ತಿಳಿಸುವುದು ಸರಿಯಾದ ದಾರಿ. ನೆಲದಲ್ಲಿ ನಾಣ್ಯ, ಒಡವೆ ಸಿಕ್ಕರೆ ಅದಕ್ಕೆ ಕರ್ನಾಟಕದ 1962ರ ನಿಧಿ ಕಾನೂನು ಉಂಟು. ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಲೇಬೇಕು. ಕಾನೂನು ಕಾನೂನೇ.

ಸಂಶಯದ ಕಲ್ಲು ಇದ್ದವರು ಹೋಲಿಸಿ ನೋಡಲು ಮದರಾಸಿನ ತನಕ ಹೋಗಬೇಕಿಲ್ಲ. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಗೆ ಇರುವ ಪುರಾತತ್ವ ಇಲಾಖೆಯ ಮ್ಯೂಜಿಯಮ್ಮಿನಲ್ಲಿ ಶಿಲಾಯುಗದ ಆಯುಧಗಳನ್ನೂ, ಆದಿಮಾನವರು ಚಿತ್ರ ಬರೆದ ಸಿಡಿಲಫಡಿ ಗವಿಯ ಮಾದರಿಯನ್ನೂ ಇಟ್ಟಿದ್ದಾರೆ. ರೋಣದಿಂದಲೂ ಗಜೇಂದ್ರಗಡದಿಂದಲೂ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು. ಶುಕ್ರವಾರ ಮಾತ್ರ ಹೋಗಬಾರದು, ಅಂದು ಬಾಗಿಲು ಮುಚ್ಚಿರುತ್ತದೆ.